ಮೊದಲ ಮೊಲ ಯಾರ ಕೈಗೆ

ಇಂಗ್ಲೆಂಡಿನ ಡರ್ಹಮ್ಮಿನ ಪಶುವೈದ್ಯರಲ್ಲಿ ಕಾಯುತ್ತಿದ್ದೆ. ಎದುರಿನ ಬೆಂಚಿನಲ್ಲಿ ವಿಲ್ಫ್, ಕಾಲಿಗೆ ಪಟ್ಟಿ ಕಟ್ಟಿದ ಅವನ ಲರ್ಚರ್ ತಳಿಯ ಹೆಣ್ಣು ಬೇಟೆನಾಯಿ, ಅವನ ಗೆಳೆಯ ನಾರಿಸ್.

"ಮೊಲ ಹಿಡೀತಾಳಾ?" ನಾರಿಸ್ ಕೇಳಿದ.

"ಹಿಡಿಯೋದೇನು, ಒಂದು ಹಲ್ಲೂ ನಾಟಿಸದೆ ಜೀವಂತ ತಂದ್ಕೊಡ್ತಾಳೆ. ವರ್ಷವಿಡೀ ಕಲಿಸಿದೀನಿ."

"ಮೊದಲ್ನೇದು ನಿನ್ ಕೈಗೇ ಕೊಟ್ಲಾ?"

"ಎಲ್ಲಿ. ನಾನು ಕೈಚಾಚಿ ನಿಂತಿದ್ರೆ, ನನ್ನ ದಾಟ್ಕೊಂಡು ಹೋಗಿ ಗೇಟಿನ ಹತ್ರ ನಿಂತಿದ್ದ ಹೆಂಡ್ತಿ ಕೈಗೆ ಕೊಟ್ಲು."

"ಆಗ ಇವಳಿಗೆ ದಿನಾ ಊಟ ಹಾಕ್ತಿದ್ದೋರು ಯಾರು?"

"ಅವಳೇ."

"ಮತ್ತೆ? ಪಾಠ ಹೇಳ್ದೋನಿಗಿಂತ ತಟ್ಟೆ ಇಟ್ಟೋಳು ದೊಡ್ಡೋಳು ಕಣೋ."

"ತಿಂಗಳಿಂದ ನಾನೇ ಹಾಕ್ತಿದೀನಿ ಮಾರಾಯ. ಈಗ ಇವಳು ಪೂರ್ತಿ ನನ್ ಕಡೆ."

ಒಳಗಿನಿಂದ ವಿಲ್ಫನಿಗೆ ಕರೆ ಬಂತು. ಅಷ್ಟರಲ್ಲಿ ಅವನ ಹೆಂಡತಿ ಬೀದಿಬಾಗಿಲು ತೆರೆದು ಬಂದಳು. ನಾಯಿ ಬೆಂಚಿನ ಮೇಲಿದ್ದ ಅವನ ಟೋಪಿಯನ್ನು ಕಚ್ಚಿಕೊಂಡು, ಕುಂಟುತ್ತ ಹೋಗಿ ಅವಳ ಕೈಗೆ ಕೊಟ್ಟಿತು.

"ಒಂದು ಹಲ್ಲೂ ನಾಟಿಲ್ಲ ನೋಡು," ಎನ್ನುತ್ತ ನಾರಿಸ್ ಅವರ ಹಿಂದೆಯೇ ಒಳಗೆ ನಡೆದ.