ಮಾತಿನಮಲ್ಲಿ ಸುಮ್ಮನಾದ ದಿನ

ಮಾನ್ಯ ಅಧ್ಯಕ್ಷರೇ, ಮೂವತ್ತು ವರ್ಷ ನನ್ನನ್ನು ಸಹಿಸಿಕೊಂಡ ವೈದ್ಯರೇ, ದಾದಿಯರೇ, ಸಭಿಕರೇ,

ನಿವೃತ್ತಿಯ ದಿನವೆಂದು ಎಲ್ಲರೂ ನನ್ನನ್ನು ಹೊಗಳಿದಿರಿ. ಕೇಳಲು ಸೊಗಸಾಗಿತ್ತು. ಆದರೆ ನಾನು ಎಡವಿದ ದಿನದ ಕಥೆಯನ್ನು ಯಾರೂ ಹೇಳಲಿಲ್ಲ; ನಾನೇ ಹೇಳಿಬಿಡುತ್ತೇನೆ.

ನಮ್ಮ ಮಕ್ಕಳ ವಾರ್ಡಿನಲ್ಲಿ ಯಕೃತ್ತಿನ ಕಾಯಿಲೆಯ ಏಳು ವರ್ಷದ ಹುಡುಗಿಯೊಬ್ಬಳಿದ್ದಳು. ನಾವಿಟ್ಟ ಹೆಸರು ಮಾತಿನಮಲ್ಲಿ. ಥರ್ಮಾಮೀಟರ್ ಬಾಯಲ್ಲಿದ್ದರೂ ಮಾತು! ಒಂದು ಬೆಳಿಗ್ಗೆ ಅವಳು ತುಟಿ ಬಿಚ್ಚಲಿಲ್ಲ. ಕೊಟ್ಟ ಔಷಧಿ ಕುಡಿದು, ತೂಕಡಿಸುತ್ತಾ ಕುಳಿತಳು. 'ಅಬ್ಬಾ, ಇವತ್ತು ಎಷ್ಟು ಜಾಣೆ!' ಎಂದು ಕೆನ್ನೆ ತಟ್ಟಿದೆ.

ಸುಮ್ಮನಿರುವ ಮಗುವೇ ಜಾಣ ಮಗು ಎಂದು ನನಗೆ ಕಲಿಸಿದವರು ಯಾರು? ನನ್ನ ಅಪ್ಪ. ನನ್ನ ಮಗಳಿಗೂ ನಾನು ಅದನ್ನೇ ಕಲಿಸಿದ್ದೆ. ಅಮ್ಮ ಡ್ಯೂಟಿ ಮುಗಿಸಿ ಬಂದಾಗ ಮನೆಯಲ್ಲಿ ಸದ್ದಿರಬಾರದು ಎಂದು... ಇರಲಿ, ವಿಷಯಕ್ಕೆ ಬರುತ್ತೇನೆ.

ಮಾತಿನಮಲ್ಲಿಯ ತಂದೆ ಬಂದರು; ಅವರು ಬಸ್ ಓಡಿಸುವವರು. ಅವರ ಬಸ್ಸಿನ ನಿಲ್ದಾಣಗಳ ಹೆಸರುಗಳನ್ನು ಮಗಳು ದಿನವೂ ಅವರಿಗೆ ಒಪ್ಪಿಸುತ್ತಿದ್ದಳು. ಅಂದು ಎರಡನೆಯದಕ್ಕೇ ತಡವರಿಸಿದಳು.

'ಸಿಸ್ಟರ್, ಇವಳಿಗೆ ಏನೋ ಆಗಿದೆ.'

'ಸುಸ್ತಾಗಿರಬೇಕು, ಮಲಗ್ಲಿ ಬಿಡಿ.'

'ಎಂಜಿನ್ ಸದ್ದು ಬದಲಾದ್ರೆ ನಂಗೆ ಗೊತ್ತಾಗುತ್ತೆ ಸಿಸ್ಟರ್. ದಯವಿಟ್ಟು ಡಾಕ್ಟರನ್ನ ಕರೀರಿ.'

ಕರೆದೆ. ವೈದ್ಯರು ಅವಳ ಕೈ ಚಾಚಿಸಿದರು. ಅಂಗೈಗಳು ಪಟಪಟನೆ ಅದುರಿದವು. ಯಕೃತ್ತು ಸೋಸಲಾರದ ವಿಷ ರಕ್ತದಲ್ಲಿ ಸೇರಿ ಮಿದುಳನ್ನು ಮಂಕಾಗಿಸುತ್ತಿತ್ತು. ಇನ್ನೂ ತಡವಾಗಿದ್ದರೆ?

ಚಿಕಿತ್ಸೆಯ ಮುಖ್ಯ ಭಾಗ, ಆ ವಿಷ ಹೊರಹೋಗುವಂತೆ ಹೊಟ್ಟೆ ಖಾಲಿ ಮಾಡಿಸುವ ಒಂದು ಸಿಹಿ ಔಷಧಿ. ಅಧ್ಯಕ್ಷರು ಕ್ಷಮಿಸಬೇಕು, ಮಗುವೊಂದು ಕಕ್ಕಸು ಮಾಡಿತೆಂದು ದೊಡ್ಡ ವೈದ್ಯರು ಚಪ್ಪಾಳೆ ತಟ್ಟಿದ್ದನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಹಾಸಿಗೆಯ ಬಟ್ಟೆ ಬದಲಿಸುತ್ತಾ ನಕ್ಕಿದ್ದೇನೆ, ಅತ್ತಿದ್ದೇನೆ.

ಮೂರನೆಯ ದಿನ ಅವಳು ಕಣ್ಣರಳಿಸಿ, 'ಸಿಸ್ಟರ್, ನಿಮ್ಮ ಮೂಗಿನ ಮೇಲೆ ಇಂಕು!' ಎಂದಳು. ಹದಿನೇಳು ನಿಲ್ದಾಣಗಳನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು. ಮುಂದೆ ತಂದೆಯೇ ತಮ್ಮ ಯಕೃತ್ತಿನ ಒಂದು ಭಾಗವನ್ನು ಅವಳಿಗೆ ಕೊಟ್ಟರು. ಈಗ ಅವಳು ಕಾಲೇಜು ಓದುತ್ತಿದ್ದಾಳೆ.

ಮಾತಿನಮಲ್ಲಿ ಮತ್ತೆ ಮಾತಾಡಿದ ಆ ಸಂಜೆ ನಾನು ಮನೆಗೆ ಹೋಗಿ, ಮಗಳ ಎದುರು ಕುಳಿತು, 'ಏನಾದ್ರೂ ಮಾತಾಡೇ' ಎಂದೆ. ಅವಳು ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದಳು. 'ಅಮ್ಮಾ, ಹುಷಾರಿದ್ದೀಯಾ ತಾನೇ?'

ಆಮೇಲೆ ಶುರು ಮಾಡಿದಳು ನೋಡಿ! ತಟ್ಟೆಯಲ್ಲಿದ್ದ ಊಟ ತಣ್ಣಗಾಯಿತು, ಅವಳ ಮಾತು ಮುಗಿಯಲಿಲ್ಲ. ಅಷ್ಟೆಲ್ಲ ಮಾತು ಆ ಪುಟ್ಟ ಎದೆಯಲ್ಲಿ ಎಲ್ಲಿತ್ತೋ!

ನನ್ನನ್ನು ಕರೆಸಿ, ಕೂರಿಸಿ, ಇಷ್ಟು ಪ್ರೀತಿ ತೋರಿದ ನಿಮಗೆಲ್ಲ ತುಂಬು ಹೃದಯದ ಕೃತಜ್ಞತೆಗಳು. ನಮಸ್ಕಾರ.