ಎಡಗಿವಿಯ ಹಾಡು

ಕಿವಿ ಡಾಕ್ಟರ ಬಾಗಿಲ ಮುಂದೆ ಸರದಿಗೆ ಕಾಯುತ್ತಿದ್ದ ಮೇಷ್ಟ್ರಿಗೆ ಪಕ್ಕದ ಬೆಂಚಿನ ಅಕ್ಕ-ತಮ್ಮನ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ತಮ್ಮ ದರ್ಜಿ. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕದೊಂದು ಅಗ್ಗದ ಮ್ಯೂಸಿಕ್ ಪ್ಲೇಯರ್.

"ಹೊಲೀತಾ ಹಾಡು ಕೇಳೋಣ ಅಂತ ಇದನ್ನ ತಗೊಂಡು ಆರು ತಿಂಗಳಾಯ್ತಕ್ಕ. ಮೊದಲನೇ ದಿನಾನೇ ಗೊತ್ತಾಯ್ತು, ನನ್ನ ಎಡಗಿವಿ ಹೋಗಿದೆ ಅಂತ."

"ನಿನ್ನ ಹೆಂಡ್ತಿ ಏನಂದ್ಲೋ?"

"ಅತ್ತುಬಿಟ್ಲು. ಆವತ್ತಿಂದ ಮಲಗೋದೂ ನನ್ನ ಬಲಗಡೆಗೇ, ಮಾತಾಡಿದ್ರೆ ಕೇಳಿಸ್ಲಿ ಅಂತ."

ಅಕ್ಕ ಹಾಡು ಹಾಕಿಸಿ, ಅವನ ಎಡಗಿವಿಯ ಇಯರ್‌ಫೋನನ್ನು ಕಿತ್ತು ತನ್ನ ಕಿವಿಗಿಟ್ಟುಕೊಂಡಳು.

"ನಂಗೂ ಏನೂ ಕೇಳಿಸ್ತಿಲ್ವಲ್ಲೋ!"

"ಅಯ್ಯೋ ಅಕ್ಕಾ! ಹಾಗಾದ್ರೆ ಇದು ನಮ್ಮ ವಂಶದಲ್ಲೇ ಇದೆ."

"ಥೂ ನಿನ್ನ! ಕೆಟ್ಟಿರೋದು ಈ ವೈರು ಕಣೋ. ಇದನ್ನೊಂದ್ಸಲ ಬಲಗಿವಿಗೆ ಹಾಕಿ ನೋಡೋಕೆ ಏನಾಗಿತ್ತು ನಿಂಗೆ?"

"ಎಡ, ಬಲ ಅಂತ ಗುರುತು ಹಾಕಿದಾರಲ್ಲಕ್ಕ. ನಾನು ದರ್ಜಿ. ಎಡದ ತೋಳನ್ನ ತಗೊಂಡು ಬಲಕ್ಕೆ ಹೊಲೀತೀನಾ?"

ಮೇಷ್ಟ್ರು ನಗು ಮುಚ್ಚಿಕೊಳ್ಳಲು ಪತ್ರಿಕೆಯನ್ನು ಮುಖಕ್ಕೆ ಹಿಡಿದರು. ಅಷ್ಟರಲ್ಲಿ ನರ್ಸ್ ದರ್ಜಿಯ ಸರದಿ ಕೂಗಿದಳು. ಅವನು ಎದ್ದ, ಆದರೆ ಹೊರಟಿದ್ದು ಮೆಟ್ಟಿಲಿನ ಕಡೆಗೆ.

"ಮನೇಲಿ ಏನಂತ ಹೇಳ್ತೀಯೋ?" ಎನ್ನುತ್ತ ಅಕ್ಕನೂ ಹಿಂದೆಯೇ ಇಳಿದಳು.

"ವಾಸಿ ಆಯ್ತು ಅಂತೀನಿ. ಡಾಕ್ಟರು ಮುಟ್ಟಲೇ ಇಲ್ಲ, ಎಲ್ಲಾ ಅಕ್ಕನ ಕೈಗುಣ!"