ಕುರಿ ಮಲಗಿದ ಗೆರೆ

ನಗ್ರಿ, ನಗ್ರಿ. ಬಿ.ಎಸ್ಸಿ. ಓದಿದ ನಿಮ್ಮ ತಾತನಿಗೆ ಕುರಿ ಪಾಠ ಹೇಳಿದ್ದು ನಿಜ. ಎಪ್ಪತ್ತರ ದಶಕ, ಡಿಗ್ರಿ ಇತ್ತು, ಚಪ್ಪಲಿ ಇರಲಿಲ್ಲ. ಅಲ್ಲ, ಒಂದು ಜೊತೆ ಇತ್ತು, ಬಲಗಾಲಿನದರ ಉಂಗುಟ ಕಿತ್ತೋಗಿತ್ತು. ಸರ್ವೆ ಆಫೀಸಲ್ಲಿ ಮೊದಲ ಕೆಲಸ, ಅದೂ ಟೆಂಪ್ರವರಿ. ದುರ್ಗದ ಹೊರಗೆ, ಮದಕರಿಪುರದ ಕಡೆ, ಒಂದು ಕೆರೆ. ಅದರ ಸುತ್ತ ಗಡಿಕಲ್ಲು ನೆಡಬೇಕು, ಕಲ್ಲಿನಾಚೆ ಸೈಟು ಮಾಡ್ತಾರೆ. ಮಳೆಗಾಲದೊಳಗೆ ಮುಗಿಸಿದ್ರೆ ಕೆಲಸ ಖಾಯಂ ಅಂದಿದ್ರು ಸಾಹೇಬ್ರು. ಬೇಸಿಗೆ ನೋಡ್ರಿ, ನೀರು ನಡುವೆ ಊಟದ ಗಂಗಾಳದಷ್ಟು ಉಳಿದಿತ್ತು. ಸುತ್ತ ಧಾರಾಳವಾಗಿ ಜಾಗ ಬಿಟ್ಟೆ ಅಂತ್ಲೇ ಕಲ್ಲು ನೆಟ್ಟೆ. ಅಲ್ಲಿ ಕುರಿ ಮೇಯಿಸೋ ಈರಕ್ಕ ಸೊಂಟಕ್ಕೆ ಕೈಯಿಟ್ಕಂಡು ನೋಡ್ತಿದ್ಲು. "ಏನ್ ಸಾಮಿ, ಮೀನಿಗೆ ಮನೆ ಕಟ್ಟಿಸ್ತೀರಾ?" ಅಂದ್ಲು. "ಇಲ್ಲಿ ನೀರೆಲ್ಲೈತೆ, ತೋರ್ಸಕ್ಕ" ಅಂದೆ. "ನಾನ್ಯಾಕೆ, ಇವೇ ತೋರಿಸ್ತವೆ" ಅಂತ ಸಿಳ್ಳೆ ಹಾಕಿದ್ಲು. ಕುರಿಗಳು ನನ್ನ ಕಲ್ಲು ದಾಟಿ, ಇನ್ನೂ ಐವತ್ತು ಹೆಜ್ಜೆ ಮೇಲೆ ಹೋಗಿ, ಗರಸಿನ ಗಟ್ಟಿ ನೆಲದ ಮೇಲೆ ಸಾಲಾಗಿ ಮಲಗಿದ್ವು. "ಕೆಳಗೆ ಕೆರೆ ಮಣ್ಣು, ಬಿರುಕಿಗೆ ಗೊರಸು ಸಿಕ್ಕೊಂತವೆ. ಇವು ಮಲಗಿರೋ ಗಂಟ ನೀರು ಬರ್ತೈತೆ. ಬಂದ್ರೆ ನಿನ್ನ ಕಲ್ಲು ನೀನೇ ಕೀಳಬೇಕು, ಆತಾ?" ಆತು ಅಂದೆ. ಕುರಿಗೇನು ಡಿಗ್ರಿ ಐತಾ ಅಂತ ಒಳಗೇ ನಕ್ಕೆ.

ಆಮೇಲೆ ಮಳೆ ಹಿಡೀತು ನೋಡ್ರಪ್ಪ, ಮೂರು ದಿನ. ನಾಲ್ಕನೇ ದಿನ ಹೋದರೆ ನನ್ನ ಕಲ್ಲು ಒಂದೂ ಕಾಣ್ತಿಲ್ಲ, ಸೈಟಿನ ಜಾಗವೆಲ್ಲ ಕೆರೆ. ಕುರಿ ಅದೇ ಗರಸಿನ ಮೇಲೆ ಮೆಲುಕು ಹಾಕ್ತಾ ಮಲಗಿವೆ, ನೀರು ಅವುಗಳಿಂದ ಒಂದು ಮಾರು ದೂರದಲ್ಲಿ ನಿಂತೈತೆ. ಈರಕ್ಕ ನನ್ನ ಕೈಗೆ ಹಾರೆ ಕೊಟ್ಲು. ಪ್ಯಾಂಟು ಮಡಚಿ ಮೊಣಕಾಲುದ್ದದ ನೀರಿಗೆ ಇಳಿದು, ಕಾಲಲ್ಲೇ ಕಲ್ಲು ತಡಕಿದೆ. ಅವಳೂ ಸೀರೆ ಎತ್ತಿಕಟ್ಟಿ ಇಳಿದ್ಲು, ಒಂದೊಂದು ಕಲ್ಲು ಕಿತ್ತಾಗಲೂ ಕೇಕೆ. ನನಗೂ ನಗು ತಡೀಲಿಲ್ಲ. ಅಷ್ಟೊತ್ತಿಗೆ ಸಾಹೇಬ್ರು ಛತ್ರಿ ಹಿಡ್ಕಂಡು ಬಂದ್ರು. "ಏನಯ್ಯ ಇದು?" "ಗಡಿ ಸರಿ ಮಾಡ್ತಿದೀನಿ ಸಾರ್." "ಯಾರ ಆರ್ಡರು?" "ಕುರೀದು ಸಾರ್." ನೀರು ನೋಡಿದ್ರು, ತಮ್ಮ ಬೂಟು ನೋಡ್ಕಂಡ್ರು, ತುಟಿ ಕಚ್ಚಿ ನಕ್ಕುಬಿಟ್ರು. ಹೊಸ ನಕ್ಷೆಗೆ 'ಸ್ಥಳೀಯ ವಿಚಾರಣೆಯಿಂದ ತಿಳಿದುಬಂದಂತೆ' ಅಂತ ಬರೆದೆ. ಕುರಿ ಅಂತ ಬರೆಯೋಕಾಗುತ್ತಾ? ಸೈಟು ನಿಂತೋಯ್ತು, ನಾನು ಖಾಯಮ್ಮಾಗೋದು ಎರಡು ವರ್ಷ ತಡ ಆಯ್ತು. ಆಗಲಿ ಬಿಡ್ರಿ. ನೀರು ಇಲ್ಲದಾಗಲೂ ಅದರ ಜಾಗ ಅದರದ್ದೇ. ಲೇ, ಆ ಮೋರಿ ಬಾಯಿಗೆ ಅಡ್ಡ ನಿಲ್ಲಿಸಿರೋ ಸೈಕಲ್ ತೆಗೀರಿ, ಮೋಡ ಆಗೈತೆ.